ದೃಷ್ಟಿ ತಿದ್ದುವ ಶಸ್ತ್ರಚಿಕಿತ್ಸೆ: ದೀರ್ಘಕಾಲದ ಪರಿಣಾಮಗಳು

ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣಿಸುವಂತೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ಕಾರ್ನಿಯಾದ ಮೇಲೆ ನಡೆಯುತ್ತವೆ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಿರುವ ಈ ಪಾರದರ್ಶಕ ಪಟಲವು ಕಣ್ಣಿನ ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟನ್ನು ತಾನೇ ಒದಗಿಸುತ್ತದೆ. ಅದರ ಬಾಗನ್ನು ಕೂದಲೆಳೆಯಷ್ಟು ಚಪ್ಪಟೆ ಮಾಡಿದರೂ ಸಮೀಪದೃಷ್ಟಿಯ ಮೈನಸ್ ಪವರ್ ಇಳಿಯುತ್ತದೆ. ಆಪರೇಷನ್ ಕೆಲವೇ ನಿಮಿಷಗಳದ್ದು. ಆದರೆ ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಅದನ್ನು ಮಾಡಿಸಿಕೊಂಡವರು ಆ ಕಾರ್ನಿಯಾದೊಂದಿಗೆ ಇನ್ನೂ ಐವತ್ತು ವರ್ಷ ಬದುಕಬೇಕು. ಅಷ್ಟರೊಳಗೆ ಚಾಳೀಸು ಬರುತ್ತದೆ, ಪೊರೆ ಬರುತ್ತದೆ, ಕೆಲವರಿಗೆ ಗ್ಲಾಕೋಮಾ ಬರುತ್ತದೆ. ಹಳೆಯ ಆಪರೇಷನ್ನಿನ ಗುರುತು ಪ್ರತಿ ಹಂತದಲ್ಲೂ ಲೆಕ್ಕಕ್ಕೆ ಬರುತ್ತದೆ.

ಈ ಚಿಕಿತ್ಸೆ ತಿದ್ದುವುದು ಕಾರ್ನಿಯಾದ ಆಕಾರವನ್ನು ಮಾತ್ರ. ಮೈನಸ್ ಪವರ್ ಇರುವ ಕಣ್ಣು ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಚಿಕಿತ್ಸೆಯ ನಂತರವೂ ಅಷ್ಟೇ ಉದ್ದವಾಗಿರುತ್ತದೆ, ಆ ಉದ್ದ ತರುವ ಅಪಾಯಗಳೂ ಉಳಿಯುತ್ತವೆ. ಕನ್ನಡಕ ಬಿಟ್ಟವರು ಕಣ್ಣಿನ ಡಾಕ್ಟರನ್ನೂ ಬಿಡುವುದು ಈ ಚಿಕಿತ್ಸೆಯ ಸುತ್ತ ಬೆಳೆದಿರುವ ಅತ್ಯಂತ ಅಪಾಯಕಾರಿ ರೂಢಿ.

ಬ್ಲೇಡಿನ ಕಾಲ ಕಲಿಸಿದ್ದು

ದೀರ್ಘಕಾಲದ ಪರಿಣಾಮ ಎಂಬ ಪ್ರಶ್ನೆ ಲೇಸರಿಗಿಂತ ಹಳೆಯದು. 20ನೆಯ ಶತಮಾನದ ಮಧ್ಯಭಾಗದಲ್ಲಿ ಜಪಾನಿನ ಸಾಟೊ ಸುಟೊಮು ಕಾರ್ನಿಯಾದ ಒಳಮೈಯಲ್ಲಿ ಸೀಳುಗಳನ್ನು ಹಾಕಿ ಸಮೀಪದೃಷ್ಟಿ ಇಳಿಸಲು ಯತ್ನಿಸಿದರು. ಮೊದಲ ವರ್ಷಗಳ ಫಲಿತಾಂಶ ಭರವಸೆ ಹುಟ್ಟಿಸುವಂತೆಯೇ ಇತ್ತು. ಆದರೆ ಕಾರ್ನಿಯಾದೊಳಗೆ ನೀರು ತುಂಬದಂತೆ ಕಾಯುವುದು ಅದರ ಒಳಪದರದ ಜೀವಕೋಶಗಳು, ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ ಎಂಬ ತಿಳಿವಳಿಕೆ ಆಗ ಇರಲಿಲ್ಲ. ದಶಕಗಳು ಕಳೆದಂತೆ ಆ ರೋಗಿಗಳಲ್ಲಿ ಅನೇಕರ ಕಾರ್ನಿಯಾ ಊದಿಕೊಂಡು ಮಸುಕಾಯಿತು.

1974ರಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದರೊವ್ ಸೀಳುಗಳನ್ನು ಹೊರಮೈಗೆ ತಂದರು. ಕಣ್ಣಪಾಪೆಯ ಮುಂದಿನ ಭಾಗವನ್ನು ಬಿಟ್ಟು, ಸುತ್ತ ಬಂಡಿಚಕ್ರದ ಅರೆಕಾಲುಗಳಂತೆ ಎಂಟು ಅಥವಾ ಹದಿನಾರು ಆಳವಾದ ಗೀರುಗಳನ್ನು ಹಾಕುವ ಈ ವಿಧಾನದ ಹೆಸರು ರೇಡಿಯಲ್ ಕೆರಟಾಟಮಿ, ಚಿಕ್ಕದಾಗಿ ಆರ್‌ಕೆ. ಅಂಚು ಸಡಿಲಗೊಂಡು ಉಬ್ಬುತ್ತದೆ, ನಡುಭಾಗ ಚಪ್ಪಟೆಯಾಗುತ್ತದೆ. ಅಮೆರಿಕದಲ್ಲಿ ಲಕ್ಷಾಂತರ ಜನ ಇದನ್ನು ಮಾಡಿಸಿಕೊಂಡರು. ಭಾರತದ ನಗರಗಳಲ್ಲೂ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಇದು ನಡೆಯಿತು.

ಅಮೆರಿಕದ ಪರ್ಕ್ ಎಂಬ ಅಧ್ಯಯನ ಈ ರೋಗಿಗಳನ್ನು ಹತ್ತು ವರ್ಷ ಬೆನ್ನು ಬಿಡದೆ ಹಿಂಬಾಲಿಸಿತು. 1994ರಲ್ಲಿ ಪ್ರಕಟವಾದ ಅದರ ವರದಿ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ದಾಖಲೆಗಳಲ್ಲಿ ಒಂದು. ಶೇ. 53ರಷ್ಟು ಕಣ್ಣುಗಳು ಕನ್ನಡಕವಿಲ್ಲದೆ 6/6 ಅಥವಾ ಅದಕ್ಕಿಂತ ಚೆನ್ನಾಗಿ ಓದುತ್ತಿದ್ದವು. ಆದರೆ ಶೇ. 43ರಷ್ಟು ಕಣ್ಣುಗಳು ಆರನೆಯ ತಿಂಗಳಿಂದ ಹತ್ತನೆಯ ವರ್ಷದೊಳಗೆ ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ಪ್ಲಸ್ ಕಡೆಗೆ ಸರಿದಿದ್ದವು. ಎಂದೋ ಹಾಕಿದ ಗೀರು ಹತ್ತು ವರ್ಷವಾದರೂ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಒಂದು ಪವರ್, ಸಂಜೆಗೆ ಇನ್ನೊಂದು ಎಂಬ ಏರಿಳಿತವೂ ಹಲವರಿಗೆ ಉಳಿಯಿತು.

1996ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದ ಟೆಕ್ಸಾಸಿನ ವೈದ್ಯ ಬೆಕ್ ವೆದರ್ಸ್ ಅವರಿಗೆ ಆಗಿದ್ದು ಇದರದೇ ತೀವ್ರ ರೂಪ. ಅವರು ಆರ್‌ಕೆ ಮಾಡಿಸಿಕೊಂಡಿದ್ದರು. ಆಮ್ಲಜನಕ ವಿರಳವಾದ ಎತ್ತರದಲ್ಲಿ ಗೀರುಗಳಿರುವ ಅಂಚು ಊದಿಕೊಂಡು ನಡುಭಾಗ ಇನ್ನಷ್ಟು ಚಪ್ಪಟೆಯಾಯಿತು, ದೃಷ್ಟಿ ಮಂಜಾಯಿತು. ಮೇಲೇರಲಾಗದೆ ದಾರಿಯಲ್ಲೇ ಗಂಟೆಗಟ್ಟಲೆ ಕಾದು ಕೂತ ಅವರು ಬಿರುಗಾಳಿಗೆ ಸಿಕ್ಕರು. ಬದುಕಿ ಬಂದರಾದರೂ ಹಿಮಕ್ಕೆ ಬಲಗೈ, ಎಡಗೈಯ ಬೆರಳುಗಳು ಮತ್ತು ಮೂಗು ಹೋದವು. ಪರ್ವತಾರೋಹಿಗಳಿಗೆ ಆರ್‌ಕೆ ಬಗ್ಗೆ ಎಚ್ಚರಿಕೆ ಹೇಳುವಾಗ ವೈದ್ಯರು ಇಂದಿಗೂ ಅವರ ಹೆಸರನ್ನು ಎತ್ತುತ್ತಾರೆ.

ಆರ್‌ಕೆ ಈಗ ಬಹುತೇಕ ನಿಂತಿದೆ, ಅದನ್ನು ಮಾಡಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈಗ ಪೊರೆ ಬರುವ ವಯಸ್ಸು. ಪೊರೆಯ ಆಪರೇಷನ್ನಿನ ಹೊತ್ತಿಗೆ ಹಳೆಯ ಗೀರು ಬಾಯಿ ಬಿಡಬಹುದು. ಆಮೇಲೆ ಕಾರ್ನಿಯಾ ಊದಿ ವಾರಗಟ್ಟಲೆ ಪ್ಲಸ್ ಪವರ್ ತೋರಿಸಬಹುದು. ಅಂಥವರ ಕಣ್ಣೊಳಗಿನ ಲೆನ್ಸನ್ನು ಅವಸರದಿಂದ ಬದಲಿಸಬಾರದು, ಪವರ್ ನೆಲೆನಿಲ್ಲುವವರೆಗೆ ತಿಂಗಳುಗಳ ಕಾಲ ಕಾಯಬೇಕು.

ಲೇಸರ್ ಬಂದ ಬಗೆ

ಕಾರ್ನಿಯಾವನ್ನು ಸೀಳುವ ಬದಲು ಅದರ ತಿರುಳನ್ನೇ ಕೆತ್ತಬೇಕು ಎಂಬ ಯೋಚನೆ ಮುಂದೆ ಕೊಲಂಬಿಯಾದ ಬೊಗೊಟಾದಲ್ಲಿ ನೆಲೆಸಿದ ಹೊಸೆ ಬರ್ರಾಕೆರ್ ಅವರದು. 1949ರಲ್ಲೇ ಅವರು ಅದನ್ನು ಮುಂದಿಟ್ಟಿದ್ದರು. ಕೆತ್ತಲು ತಕ್ಕ ಉಳಿ ಸಿಕ್ಕಿದ್ದು 1981ರಲ್ಲಿ. ಮದರಾಸಿನಲ್ಲಿ ಹುಟ್ಟಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್, ಐಬಿಎಂ ಸಂಶೋಧನಾ ಕೇಂದ್ರದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಜೊತೆಗೂಡಿ 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಜೀವಕೋಶದ ಪದರವನ್ನು ಸುಡದೆ ಸವೆಸಬಲ್ಲದು ಎಂದು ಕಂಡುಕೊಂಡರು. ಪ್ರಯೋಗಕ್ಕೆ ಬಳಸಿದ್ದು ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡು. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಶ್ರೀನಿವಾಸನ್ ಅವರೊಂದಿಗೆ ಸೇರಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು.

ಮೇಲ್ಪದರವನ್ನು ಕೆರೆದು ತೆಗೆದು ಲೇಸರ್ ಹಾಯಿಸುವುದು ಪಿಆರ್‌ಕೆ. ಅಮೆರಿಕದ ಔಷಧ ಮತ್ತು ವೈದ್ಯೋಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1995ರಲ್ಲಿ ಒಪ್ಪಿಗೆ ಕೊಟ್ಟಿತು. ತೆಳುವಾದ ಮುಚ್ಚಳವೊಂದನ್ನು ಕತ್ತರಿಸಿ ಮೇಲೆತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುವುದು ಲೇಸಿಕ್. ಗ್ರೀಸಿನ ಕ್ರೀಟ್ ದ್ವೀಪದ ಐಯಾನಿಸ್ ಪಲ್ಲಿಕಾರಿಸ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಮುಚ್ಚಳವಿಲ್ಲದೆ, ಚಿಕ್ಕ ಕಿಂಡಿಯಿಂದ ಒಳಗಿನ ತೆಳು ಬಿಲ್ಲೆಯೊಂದನ್ನು ಹೊರಗೆಳೆಯುವುದು ಸ್ಮೈಲ್. ಜರ್ಮನಿಯ ವಾಲ್ಟರ್ ಸೆಕುಂಡೊ, ಮಾರ್ಕುಸ್ ಬ್ಲುಮ್ ಮತ್ತು ವಡೋದರದ ರೂಪಲ್ ಶಾ ಅವರ ಮೊದಲ ವರದಿಗಳು 2011ರಲ್ಲಿ ಬಂದವು. ಕಾರ್ನಿಯಾವನ್ನು ಮುಟ್ಟದೆ ಕಣ್ಣೊಳಗೆ ಹೆಚ್ಚುವರಿ ಲೆನ್ಸ್ ಕೂರಿಸುವ ಐಸಿಎಲ್ ಬೇರೆಯೇ ಕವಲು. ಅದನ್ನು ಹಾಕಿಸಿಕೊಂಡವರು ಲೆನ್ಸ್ ಒಳಗಿರುವಷ್ಟು ಕಾಲ ಒಳಪದರದ ಜೀವಕೋಶಗಳ ಎಣಿಕೆ, ಕಣ್ಣಿನ ಒತ್ತಡ ಮತ್ತು ಪೊರೆಯ ಲಕ್ಷಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ತೃಪ್ತರೂ ತೊಂದರೆಪಟ್ಟವರೂ

ಲೇಸಿಕ್ ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಸಂತುಷ್ಟರು. ಇದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. ಬೆಳಿಗ್ಗೆ ಎದ್ದೊಡನೆ ಗಡಿಯಾರ ಕಾಣುವುದು, ಮಳೆಯಲ್ಲಿ ಗಾಜು ಒರೆಸಿಕೊಳ್ಳುವ ಗೋಜಿಲ್ಲದಿರುವುದು ಸಣ್ಣ ಸುಖವಲ್ಲ. ಆದರೆ ಉಳಿದವರ ಮಾತನ್ನು ಕೇಳಿಸಿಕೊಳ್ಳಲು ವೈದ್ಯಲೋಕ ತಡಮಾಡಿತು. 2008ರ ಏಪ್ರಿಲ್‌ನಲ್ಲಿ ಎಫ್‌ಡಿಎ ನಡೆಸಿದ ಬಹಿರಂಗ ವಿಚಾರಣೆಯಲ್ಲಿ ನೋವು, ಒಣಗಣ್ಣು, ಇಮ್ಮಡಿ ಬಿಂಬಗಳಿಂದ ಬಳಲಿದವರೂ ಈ ಚಿಕಿತ್ಸೆಯ ನಂತರ ಮಕ್ಕಳನ್ನು ಕಳೆದುಕೊಂಡ ಪಾಲಕರೂ ನೇರವಾಗಿ ಮಾತಾಡಿದರು. ಅದರ ಬೆನ್ನಿಗೆ ಪ್ರೌಲ್ ಎಂಬ ಅಧ್ಯಯನ ಆರಂಭವಾಯಿತು. ನೌಕಾಪಡೆಯವರು ಮತ್ತು ಸಾಮಾನ್ಯ ನಾಗರಿಕರು ಸೇರಿ ಸುಮಾರು 570 ಮಂದಿಯನ್ನು ಅದು ಚಿಕಿತ್ಸೆಗೆ ಮೊದಲೂ ನಂತರವೂ ಒಂದೇ ಪ್ರಶ್ನಾವಳಿಯಿಂದ ವಿಚಾರಿಸಿತು.

ಮೊದಲು ಯಾವ ದೃಷ್ಟಿಲಕ್ಷಣವೂ ಇಲ್ಲದವರಲ್ಲಿ ಶೇ. 43ರಿಂದ 46ರಷ್ಟು ಮಂದಿ ಮೂರು ತಿಂಗಳ ಹೊತ್ತಿಗೆ ಪ್ರಭಾವಳಿ, ಕಣ್ಣು ಕೋರೈಸುವಿಕೆ, ಚುಕ್ಕೆಬೆಳಕಿನ ಸುತ್ತ ಕಿರಣ, ಜೋಡಿ ಬಿಂಬ ಇವುಗಳಲ್ಲಿ ಒಂದನ್ನಾದರೂ ಹೊಸದಾಗಿ ಹೇಳಿದರು. ಒಣಗಣ್ಣು ಇಲ್ಲದವರಲ್ಲಿ ಶೇ. 28ರಷ್ಟು ಮಂದಿಗೆ ಅದು ಶುರುವಾಗಿತ್ತು. ಇದೇ ಅಧ್ಯಯನದಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯಿಂದ ತೃಪ್ತರಾಗಿದ್ದರು, ಒಂದು ಲಕ್ಷಣದಿಂದ ದಿನನಿತ್ಯದ ಕೆಲಸವೇ ಬಹಳ ಕಷ್ಟವಾಯಿತು ಎಂದವರು ಶೇ. 1ಕ್ಕಿಂತ ಕಡಿಮೆ. ಮೊದಲೇ ಲಕ್ಷಣಗಳಿದ್ದ ಹಲವರಿಗೆ ಅವು ಇಳಿದೂ ಇದ್ದವು. ಈ ಅಂಕಿಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಡುವವರು, ಜಾಹೀರಾತಿನವರಾಗಲಿ ವಿರೋಧಿಗಳಾಗಲಿ, ರೋಗಿಗೆ ಅನ್ಯಾಯ ಮಾಡುತ್ತಾರೆ.

ರಾತ್ರಿಯ ತೊಂದರೆಗೆ ಕಾರಣ ಸರಳ. ಲೇಸರ್ ತಿದ್ದಿದ ವಲಯ ಆರು, ಆರೂವರೆ ಮಿಲಿಮೀಟರ್ ಅಗಲದ್ದು. ಕತ್ತಲಲ್ಲಿ ಪಾಪೆ ಅಷ್ಟಕ್ಕೆ ಅಥವಾ ಅದಕ್ಕಿಂತ ದೊಡ್ಡದಾಗಿ ಹಿಗ್ಗಿದಾಗ ಅಂಚಿನ ಬೆಳಕು ಬೇರೆ ಕಡೆ ಬೀಳುತ್ತದೆ. ಆಸ್ಪತ್ರೆಯ ಗೋಡೆಯ ಫಲಕದಲ್ಲಿ ಕೊನೆಯ ಸಾಲನ್ನು ಓದಿದವರಿಗೂ ರಾತ್ರಿ ಒದ್ದೆ ರಸ್ತೆಯಲ್ಲಿ ಎದುರಿನ ಲಾರಿಯ ಹೈಬೀಮ್ ಒಡೆದು ಹರಡಬಹುದು. ಕಪ್ಪು ಅಕ್ಷರ, ಬಿಳಿ ಹಿನ್ನೆಲೆಯ ಫಲಕ ಇದನ್ನು ಅಳೆಯುವುದೇ ಇಲ್ಲ. ಹಳೆಯ ಯಂತ್ರಗಳ ವಲಯ ಚಿಕ್ಕದಾಗಿತ್ತು; ತೊಂಬತ್ತರ ದಶಕದಲ್ಲಿ ಮಾಡಿಸಿಕೊಂಡವರಲ್ಲಿ ಈ ದೂರು ಹೆಚ್ಚು.

ಒಣಗಣ್ಣು ಮತ್ತು ನೋವು

ದೇಹದಲ್ಲೇ ಅತ್ಯಂತ ದಟ್ಟವಾದ ನರಜಾಲ ಇರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಕಣ್ಣು ಒಣಗಿತೆಂದು ಮಿದುಳಿಗೆ ತಿಳಿಸಿ, ರೆಪ್ಪೆ ಬಡಿಸಿ, ಕಣ್ಣೀರು ತರಿಸುವುದು ಈ ನರಗಳು. ಮುಚ್ಚಳ ಕತ್ತರಿಸುವಾಗ ಅವೂ ಕತ್ತರಿಸಿ ಹೋಗುತ್ತವೆ, ಆಮೇಲೆ ನಿಧಾನವಾಗಿ ಬೆಳೆಯುತ್ತವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 2005ರಲ್ಲಿ ವರದಿ ಮಾಡಿದ ಪ್ರಕಾರ ಪಿಆರ್‌ಕೆ ನಂತರ ನರಗಳ ದಟ್ಟಣೆ ಎರಡು ವರ್ಷಕ್ಕೆ ಮೊದಲಿನಂತಾಯಿತು. ಲೇಸಿಕ್ ನಂತರ ಹಾಗಾಗಲು ಐದು ವರ್ಷ ಬೇಕಾಯಿತು. ಹೆಚ್ಚಿನವರ ಉರಿ, ಮರಳು ಬಿದ್ದಂಥ ಚುಚ್ಚು ಆರು ತಿಂಗಳಿಂದ ವರ್ಷದೊಳಗೆ ತಗ್ಗುತ್ತದೆ. ಎಸಿ ಕೋಣೆಯಲ್ಲಿ ಕೂತು ಇಡೀ ದಿನ ಪರದೆ ನೋಡುವವರು ರೆಪ್ಪೆ ಬಡಿಯುವುದೇ ಕಡಿಮೆ, ಹಾಗಾಗಿ ಬೆಂಗಳೂರಿನ ಐಟಿ ಕಚೇರಿಗಳ ಉದ್ಯೋಗಿಗಳಂಥವರಿಗೆ ಇದು ಹೆಚ್ಚು ಕಾಡುತ್ತದೆ. ಸಂರಕ್ಷಕ ರಾಸಾಯನಿಕವಿಲ್ಲದ ಕಣ್ಣೀರು ಡ್ರಾಪ್ಸ್, ರೆಪ್ಪೆಯಂಚಿಗೆ ಬಿಸಿ ಶಾಖ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಬಿರಡೆ, ಇವು ವರ್ಷಗಟ್ಟಲೆ ನೆರವಾಗುವ ಉಪಾಯಗಳು.

ಇನ್ನೊಂದು ಸ್ಥಿತಿ ವಿರಳ, ಆದರೆ ಅತಿ ಕಠಿಣ. ಕತ್ತರಿಸಿದ ನರ ತಪ್ಪಾಗಿ ಬೆಳೆದು, ಏನೂ ಇಲ್ಲದಾಗಲೂ ನೋವಿನ ಸಂಕೇತ ಕಳಿಸತೊಡಗುತ್ತದೆ. ಇದು ಕಾರ್ನಿಯಾದ ನರಶೂಲೆ. ಯಂತ್ರದಡಿ ನೋಡಿದರೆ ಕಣ್ಣು ಸ್ವಚ್ಛ, ಕಣ್ಣೀರಿನ ಪರೀಕ್ಷೆ ಸರಿ, ದೃಷ್ಟಿ 6/6. ರೋಗಿ ಮಾತ್ರ ಬೆಳಕಿಗೆ ಕಣ್ಣು ಬಿಡಲಾರರು. ಇಂಥವರಿಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದು ಹೇಳಿ ಕಳಿಸಿದ್ದೇ ಅವರ ನೋವಿನ ಅರ್ಧ ಭಾಗ. ಮರಗಟ್ಟಿಸುವ ಹನಿ ಹಾಕಿದ ಮೇಲೂ ನೋವು ಉಳಿದರೆ ಅದರ ಮೂಲ ಕಣ್ಣಿನ ಮೇಲ್ಮೈಯನ್ನು ದಾಟಿ ನರವ್ಯೂಹದೊಳಕ್ಕೆ ಹೋಗಿದೆ ಎಂದು ತಿಳಿಯಬೇಕು. ರೋಗಿಯದೇ ರಕ್ತದ ಸೀರಮ್ಮಿನಿಂದ ಮಾಡಿದ ಹನಿ, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್, ನರನೋವಿನ ಮಾತ್ರೆ ಇವುಗಳಿಂದ ಹಲವರಿಗೆ ಉಪಶಮನ ಸಿಗುತ್ತದೆ. ಕಣ್ಣಿನ ವೈದ್ಯರ ಜೊತೆ ನೋವು ಚಿಕಿತ್ಸಾ ತಜ್ಞರೂ ಮನೋವೈದ್ಯರೂ ಕೈಜೋಡಿಸಬೇಕಾದ ರೋಗ ಇದು.

ಕಾರ್ನಿಯಾ ಉಬ್ಬುವುದು

ಆರು ಮಿಲಿಮೀಟರ್ ಅಗಲದ ವಲಯದಲ್ಲಿ ಒಂದು ಡಯಾಪ್ಟರ್ ಇಳಿಸಲು ಸುಮಾರು 12 ಮೈಕ್ರಾನ್ ತಿರುಳು ಹೋಗುತ್ತದೆ. ಹಳೆಯ ಬ್ಲೇಡ್ ಯಂತ್ರದ ಮುಚ್ಚಳ 160 ಮೈಕ್ರಾನ್ ದಪ್ಪ ಎಂದಿಟ್ಟುಕೊಳ್ಳೋಣ. 520 ಮೈಕ್ರಾನ್ ಕಾರ್ನಿಯಾದಲ್ಲಿ ಮೈನಸ್ 10 ಪವರ್ ತೆಗೆದರೆ ಮುಚ್ಚಳದ ಕೆಳಗೆ ಉಳಿಯುವುದು 240. ಕನಿಷ್ಠ 250 ಉಳಿಯಬೇಕೆಂಬುದು ವಾಡಿಕೆಯ ಮಿತಿ, ಏಕೆಂದರೆ ಒಮ್ಮೆ ಎತ್ತಿದ ಮುಚ್ಚಳ ಭಾರ ಹೊರುವುದಿಲ್ಲ. ಉಳಿದ ತಳ ದುರ್ಬಲವಾಗಿದ್ದರೆ ಕಣ್ಣೊಳಗಿನ ಒತ್ತಡಕ್ಕೆ ಕಾರ್ನಿಯಾ ವರ್ಷಗಳ ಮೇಲೆ ಮುಂದಕ್ಕೆ ಉಬ್ಬುತ್ತದೆ. ಎಕ್ಟೇಸಿಯಾ ಎಂಬ ಈ ತೊಡಕನ್ನು 1998ರಲ್ಲಿ ಥಿಯೊ ಸೈಲರ್ ಮೊದಲು ವರದಿ ಮಾಡಿದರು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಚೂಪಾಗುವ ಕೆರಟೋಕೋನಸ್ ರೋಗ ಮೊದಲೇ ಅಡಗಿರುವುದು ಇದಕ್ಕೆ ದೊಡ್ಡ ಕಾರಣ. ಕಣ್ಣುಜ್ಜುವ ಅಭ್ಯಾಸ ಅದನ್ನು ಉಲ್ಬಣಗೊಳಿಸುತ್ತದೆ, ಬಿಸಿಲು ಧೂಳಿನ ಊರುಗಳಲ್ಲಿ ಅಲರ್ಜಿಯಿಂದ ಬೆಳೆದ ಮಕ್ಕಳಿಗೆ ಈ ಅಭ್ಯಾಸ ಮೈಗಂಟಿರುತ್ತದೆ.

ಆಪರೇಷನ್ ಆಗಿ ಎಷ್ಟೋ ವರ್ಷವಾದ ಮೇಲೆ ಸಿಲಿಂಡರ್ ಪವರ್ ಪದೇಪದೇ ಏರುತ್ತಿದ್ದರೆ, ಅಕ್ಷರಕ್ಕೆ ನೆರಳು ಮೂಡುತ್ತಿದ್ದರೆ, ಹೊಸ ಕನ್ನಡಕ ಮಾಡಿಸಿ ಸುಮ್ಮನಾಗಬಾರದು. ಕಾರ್ನಿಯಾದ ನಕ್ಷೆ ತೆಗೆಸಬೇಕು. ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬೀರಿ ಕಾರ್ನಿಯಾದ ನಾರುಗಳನ್ನು ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್, ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಬೆಳೆದ ಚಿಕಿತ್ಸೆ. 2003ರಲ್ಲಿ ಅದರ ಮೊದಲ ಫಲಿತಾಂಶ ಪ್ರಕಟವಾಯಿತು. ಅದು ಉಬ್ಬನ್ನು ತಡೆಯುತ್ತದೆ, ಹೋದ ಆಕಾರವನ್ನು ಮರಳಿ ತರುವುದಿಲ್ಲ. ದೃಷ್ಟಿಗೆ ಗಟ್ಟಿ ಲೆನ್ಸ್ ಅಥವಾ ಸ್ಕ್ಲೀರಲ್ ಲೆನ್ಸ್ ಬೇಕಾಗುತ್ತದೆ. ಕನ್ನಡಕ ಬೇಡವೆಂದು ಹೋದವರು ಪ್ರತಿ ದಿನ ಲೆನ್ಸ್ ತೊಡಬೇಕಾಗುವ ಈ ಸ್ಥಿತಿ ವಿರಳವೇ. ಆದರೂ ಆಯ್ಕೆಯ ಹೊತ್ತಿನಲ್ಲಿ 'ನಿಮ್ಮ ಕಣ್ಣಿಗೆ ಆಗದು' ಎಂದು ಹೇಳುವ ವೈದ್ಯರು ರೋಗಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ನಲವತ್ತರ ನಂತರ

ಮೈನಸ್ 3 ಪವರ್ ಇದ್ದವರು ಇಳಿವಯಸ್ಸಿನಲ್ಲೂ ಕನ್ನಡಕ ತೆಗೆದು ಪತ್ರಿಕೆ ಓದಬಲ್ಲರು. ಲೇಸರ್ ಆದವರು ಆ ಅನುಕೂಲ ಕಳೆದುಕೊಳ್ಳುತ್ತಾರೆ. ನಲವತ್ತು, ನಲವತ್ತೈದಕ್ಕೆ ಎಲ್ಲರಂತೆ ಓದುವ ಕನ್ನಡಕ ಬರುತ್ತದೆ. ಚಿಕಿತ್ಸೆ ವಿಫಲವಾಯಿತೆಂದು ಕೆಲವರು ಭಯಪಡುತ್ತಾರೆ, ಅದು ವಯಸ್ಸಿನ ಸಹಜ ಧರ್ಮ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಉಪಾಯವಿದೆ, ಅದನ್ನು ಮೊದಲು ಕಾಂಟ್ಯಾಕ್ಟ್ ಲೆನ್ಸಿನಲ್ಲಿ ತೊಟ್ಟು ನೋಡಿ ಒಪ್ಪುವುದು ಲೇಸು.

ಪೊರೆಯ ಹೊತ್ತಿಗೆ ನಿಜವಾದ ತೊಡಕು ಶುರುವಾಗುತ್ತದೆ. ಕಣ್ಣೊಳಗೆ ಹಾಕುವ ಲೆನ್ಸಿನ ಪವರನ್ನು ಲೆಕ್ಕ ಹಾಕಲು ಕಾರ್ನಿಯಾದ ಬಾಗು ಬೇಕು. ಸಾಮಾನ್ಯ ಯಂತ್ರ ಅದನ್ನು ನಡುಬಿಂದುವಿನಲ್ಲಲ್ಲ, ಸುಮಾರು ಮೂರು ಮಿಲಿಮೀಟರ್ ಅಗಲದ ಉಂಗುರದ ಮೇಲೆ ಅಳೆಯುತ್ತದೆ. ಲೇಸರ್ ಹೆಚ್ಚು ಚಪ್ಪಟೆ ಮಾಡಿದ ನಡುಭಾಗ ತಪ್ಪಿಹೋಗುತ್ತದೆ. ಕಾರ್ನಿಯಾದ ಮುಂಬದಿಗೂ ಹಿಂಬದಿಗೂ ಒಂದು ನಿಗದಿತ ಪ್ರಮಾಣವಿದೆ ಎಂದು ಯಂತ್ರ ನಂಬಿರುತ್ತದೆ. ಲೇಸರ್ ಮುಂಬದಿಯನ್ನು ಮಾತ್ರ ಬದಲಿಸಿ ಆ ಪ್ರಮಾಣ ಕೆಡಿಸಿದೆ. ಕಾರ್ನಿಯಾ ಚಪ್ಪಟೆಯಾಗಿದ್ದರೆ ಲೆನ್ಸ್ ಮುಂದೆ ಕೂರುತ್ತದೆಂದು ಸೂತ್ರ ಊಹಿಸುತ್ತದೆ. ಅದೂ ಇಲ್ಲಿ ಸುಳ್ಳು. ಸಮೀಪದೃಷ್ಟಿ ತೆಗೆಸಿಕೊಂಡವರಲ್ಲಿ ಈ ಮೂರೂ ತಪ್ಪುಗಳು ಒಂದೇ ದಿಕ್ಕಿಗೆ ಎಳೆಯುತ್ತವೆ: ಹಾಕಿದ ಲೆನ್ಸ್ ದುರ್ಬಲವಾಗಿ ಪ್ಲಸ್ ಪವರ್ ಉಳಿಯುತ್ತದೆ. ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಮೊದಲಾದ ಸೂತ್ರಗಳು ಈ ಅಪಾಯವನ್ನು ಬಹಳಷ್ಟು ತಗ್ಗಿಸಿವೆ, ಆದರೆ ಅವುಗಳನ್ನು ಬಳಸಬೇಕೆಂಬುದು ವೈದ್ಯರಿಗೆ ಗೊತ್ತಾಗುವುದು ರೋಗಿ ಹೇಳಿದರೆ. ಚೆನ್ನಾಗಿ ವಾಸಿಯಾದ ಲೇಸಿಕ್ ಗುರುತು ಮೇಲ್ನೋಟಕ್ಕೆ ಕಾಣದೆಯೂ ಇರಬಹುದು.

ಗ್ಲಾಕೋಮಾ ತಪಾಸಣೆಯಲ್ಲೂ ಇದೇ ಕತೆ. ಕಣ್ಣಿನ ಒತ್ತಡ ಅಳೆಯುವ ಗೋಲ್ಡ್‌ಮನ್ ಯಂತ್ರ ಕಾರ್ನಿಯಾದ ದಪ್ಪ ಸುಮಾರು 520 ಮೈಕ್ರಾನ್ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ತೆಳುವಾದ ಕಾರ್ನಿಯಾದಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಏರಿದ ಒತ್ತಡ ಸಹಜವೆಂದು ಕಾಣುತ್ತದೆ. ಸಮೀಪದೃಷ್ಟಿಯವರಿಗೆ ಗ್ಲಾಕೋಮಾದ ಸಾಧ್ಯತೆ ಮೊದಲೇ ಹೆಚ್ಚು. ಅಂಥವರು ಒತ್ತಡದ ಅಂಕಿಯೊಂದನ್ನೇ ನೆಚ್ಚದೆ ದೃಷ್ಟಿನರದ ಪರೀಕ್ಷೆಯನ್ನೂ ಮಾಡಿಸಬೇಕು. ಉದ್ದನೆಯ ಕಣ್ಣಿನ ರೆಟಿನಾ ತೆಳುವಾಗಿರುವುದರಿಂದ ಹರಿಯುವ, ಕಳಚುವ ಅಪಾಯವೂ ಹಾಗೆಯೇ ಉಳಿದಿರುತ್ತದೆ. ಮಿಂಚು ಹೊಡೆದಂತಾದರೆ, ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತೆ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಲೇಸಿಕ್ ಮುಚ್ಚಳದ ಅಂಚು ಅಂಟಿಕೊಂಡರೂ ಒಳಮೈ ಮೊದಲಿನ ಬಲಕ್ಕೆ ಬರುವುದಿಲ್ಲ. ಮಗುವಿನ ಬೆರಳು, ಮರದ ಕೊಂಬೆ, ಚೆಂಡು ತಗುಲಿ ಹತ್ತು ವರ್ಷದ ನಂತರವೂ ಮುಚ್ಚಳ ಸರಿದ ಪ್ರಕರಣಗಳಿವೆ. ಕುಸ್ತಿ, ಕಬಡ್ಡಿಯಂಥ ಮೈಗೆ ಮೈ ತಾಗುವ ಆಟದವರಿಗೆ ಪಿಆರ್‌ಕೆ ಸೂಚಿಸುವುದು ಈ ಕಾರಣಕ್ಕೆ. ಭಾರತೀಯ ಸೇನಾಪಡೆಗಳಿಗೆ ಸೇರಬಯಸುವವರು ಯಾವ ವಿಧಾನ, ಯಾವ ವಯಸ್ಸಿನಲ್ಲಿ, ಎಷ್ಟು ತಿಂಗಳ ಹಿಂದೆ, ಉಳಿದ ದಪ್ಪ ಎಷ್ಟು ಎಂಬುದಕ್ಕೆಲ್ಲ ದಾಖಲೆ ತೋರಿಸಬೇಕಾಗುತ್ತದೆ. ಶಾಖೆಯಿಂದ ಶಾಖೆಗೆ ನಿಯಮ ಬೇರೆ, ಆಪರೇಷನ್ನಿಗೆ ಮೊದಲೇ ಅದನ್ನು ಓದಬೇಕು.

ಚಿಕಿತ್ಸೆಗೆ ಮೊದಲಿನ ಪವರ್, ಕಾರ್ನಿಯಾದ ಬಾಗು ಮತ್ತು ದಪ್ಪ, ತೆಗೆದ ಡಯಾಪ್ಟರ್, ನೆಲೆನಿಂತ ನಂತರದ ಪವರ್: ಇಷ್ಟನ್ನು ಬರೆದ ಒಂದು ಹಾಳೆ ಮೂವತ್ತು ವರ್ಷದ ನಂತರ ಕಣ್ಣನ್ನು ಕಾಯಬಲ್ಲದು. ಆಸ್ಪತ್ರೆಗಳು ಮುಚ್ಚುತ್ತವೆ, ಊರು ಬದಲಾಗುತ್ತದೆ, ಕಂಪ್ಯೂಟರಿನ ಕಡತ ಅಳಿಯುತ್ತದೆ. ಹಾಳೆಯ ಒಂದು ಪ್ರತಿಯನ್ನು ಆಸ್ತಿಪತ್ರದೊಂದಿಗೆ ಇಡಬೇಕು, ಮನೆಯ ಇನ್ನೊಬ್ಬರಿಗೂ ಅದರ ವಿಷಯ ತಿಳಿದಿರಬೇಕು.

ಆ ಹಾಳೆ ಕೊನೆಯ ಬಾರಿಗೆ ಬೇಕಾಗುವುದು ನೇತ್ರದಾನದ ಹೊತ್ತಿಗೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದ್ದನ್ನು ಕನ್ನಡಿಗರು ಬಲ್ಲರು. ಲೇಸಿಕ್ ಆದ ಕಾರ್ನಿಯಾವನ್ನು ದೃಷ್ಟಿಗಾಗಿ ಪೂರ್ಣ ದಪ್ಪದ ಕಸಿಗೆ ಬಳಸುವುದಿಲ್ಲ, ಏಕೆಂದರೆ ಅದರ ಮುಂಬದಿಯ ಆಕಾರ ಬದಲಾಗಿರುತ್ತದೆ. ಆದರೆ ಲೇಸರ್ ಮುಟ್ಟದ ಒಳಪದರ ಆರೋಗ್ಯವಾಗಿದ್ದರೆ ಆ ಪದರವಷ್ಟನ್ನೇ ಬೇಡುವ ರೋಗಿಗೆ ಅದು ಸಲ್ಲುತ್ತದೆ. ಕಣ್ಣಿಗೆ ಲೇಸರ್ ಆಗಿದೆಯೆಂದು ದಾನಕ್ಕೆ ಹಿಂಜರಿಯಬೇಡಿ. ನೇತ್ರಬ್ಯಾಂಕಿನವರು ಬಂದಾಗ ಆ ವಿಷಯವನ್ನು ಮರೆಯದೆ ತಿಳಿಸುವಂತೆ ಮನೆಯವರಿಗೆ ಹೇಳಿಡಿ.